ಸಾಲಿ ಸಂತಿ: ರೊಕ್ಕ ಯಾರದು, ಲೆಕ್ಕ ಯಾರಿಗೆ?

"ಲಿಂಬಿಕಾಯಿ ಹ್ಯಾಂಗವಾ?"

"ಹತ್ತು ರೂಪಾಯಿಗೆ ಐದು ರೀ ಕಾಕಾ."

"ಆರು ಕೊಡು."

"ಆರು ಕೊಟ್ರ ಅವ್ವ ಬೈತಾಳ್ರೀ. ಬೇಕಾರ ಒಂದು ಕರಿಬೇವಿನ ಕಡ್ಡಿ ಹಾಕ್ತೀನಿ."

ಕಾಕಾ ನಗುತ್ತಾನೆ, ಹತ್ತರ ನೋಟು ಕೊಡುತ್ತಾನೆ. ಐದನೇ ಇಯತ್ತೆಯ ವ್ಯಾಪಾರಿ ಅದನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಅವಳ ಮುಂದೆ ಗೋಣಿತಟ್ಟು, ತಟ್ಟಿನ ಮೇಲೆ ಲಿಂಬೆ. ಮಗ್ಗುಲಲ್ಲಿ ಗೆಳತಿಯ ಮೆಂತ್ಯ ಪಲ್ಲೆ. ಆಚೆ ಇನ್ನೊಬ್ಬನ ಚುರಮುರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಶಾಲೆಯ ಅಂಗಳದಲ್ಲಿ ಕೂಡುವ 'ಮಕ್ಕಳ ಸಂತೆ'ಯ ನೋಟ ಹೆಚ್ಚುಕಡಿಮೆ ಇದೇ. ಕೆಲವು ಮಾಸ್ತರರು ಇದನ್ನು 'ಮೆಟ್ರಿಕ್ ಮೇಳ' ಎನ್ನುತ್ತಾರೆ. ಊರಿನವರ ಬಾಯಲ್ಲಿ ಮಾತ್ರ ಅದು 'ಸಾಲಿ ಸಂತಿ'.

ನೋಡಲು ಚೆಂದ. ಫೋಟೋಕ್ಕೂ ಚೆಂದ. ಸಂಜೆ ತಟ್ಟು ಮಡಚಿದ ಮೇಲೆ ಮಾತ್ರ ಒಂದು ಪ್ರಶ್ನೆ ಅಂಗಳದಲ್ಲಿ ಉಳಿಯುತ್ತದೆ. ಈ ರೊಕ್ಕ ಮನೆಗೋ, ಸಾಲಿಗೋ? ಕೆಲವೆಡೆ ಹುಡುಗರು ದುಡ್ಡು ಮನೆಗೆ ಒಯ್ಯುತ್ತಾರೆ. ಕೆಲವೆಡೆ "ಇಷ್ಟು ಸಾಲಿಗೆ ಕೊಡ್ರಿ" ಎಂಬ ಮಾತು ಬರುತ್ತದೆ. ಕೆಲವೆಡೆ ಯಾರೂ ಏನೂ ಹೇಳುವುದಿಲ್ಲ. ಯಾರೂ ಏನೂ ಹೇಳದ ಕಡೆಯೇ ಮುಂದಿನ ವರ್ಷ ಬುಟ್ಟಿಗಳು ಕಡಿಮೆಯಾಗುತ್ತವೆ. ಮನೆಮಂದಿ ಶಾಲೆಯ ಕಡೆ ಹಾಯಬೇಕು, ಕೈಜೋಡಿಸಬೇಕು ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಬುಟ್ಟಿ ತುಂಬಿಸಿದವರು ಎಲ್ಲಿ?

ಜಿಲ್ಲೆಯ ಈ ನಾಲ್ಕು ಹಳೆಯ ತಾಲೂಕುಗಳ ಹೊಟ್ಟೆಯಿಂದ ಈಚೆಗೆ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲೂಕುಗಳು ಹುಟ್ಟಿವೆ. ಗಡಿ ಬದಲಾದರೂ ನೆಲದ ಗುಣ ಬದಲಾಗಿಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲೇ ಇದೆ. ಕೊಲ್ಹಾರದ ಗಡಿಗೆ ಮೊಸರು ಗೊತ್ತಿಲ್ಲದವರು ಈ ಸೀಮೆಯಲ್ಲಿ ಇಲ್ಲ. ತೊಗರಿ, ಶೇಂಗಾ, ಸಜ್ಜಿ, ಬಿಳಿಜೋಳ ಎಲ್ಲ ಕಡೆಯದು. ಹೊಲವಿಲ್ಲದ ಮನೆಯಲ್ಲೂ ಖಡಕ್ ರೊಟ್ಟಿ ತಟ್ಟುವ ಕೈ ಇದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟುವ ಒರಳು ಇದೆ.

ಅಂದರೆ ಸಂತೆಗೆ ಬೇಕಾದ ಮಾಲು ಪೇಟೆಯಿಂದ ಬರಬೇಕಾಗಿಲ್ಲ. ಮನೆಯೇ ಅಂಗಡಿ. ಇದೇ ಸಾಲಿ ಸಂತಿಯ ಬಲ.

ಆದರೆ ಸಂತೆಯ ದಿನ ಅಂಗಳಕ್ಕೆ ಬರುವವರು ಯಾರು? ಶಾಲೆಯ ಮಗ್ಗುಲ ಮನೆಯವರು, ಪಂಚಾಯ್ತಿ ಸದಸ್ಯರು, ರಿಬ್ಬನ್ ಕತ್ತರಿಸುವ ಅತಿಥಿಗಳು. ಬಾರದವರು ಯಾರು? ಬುಟ್ಟಿ ತುಂಬಿಸಿ ಕಳಿಸಿದ ಅವ್ವ. ನಸುಕಿನಲ್ಲೇ ಹೊಲಕ್ಕೆ ಹೋದ ಅಪ್ಪ. ಕಬ್ಬು ಕಡಿಯಲು ಗಡಿ ದಾಟಿದ ಕಾಕಾ, ಕಾಕಿ. ಮನೆಯ ಮಾಲು ಬಂತು, ಮನೆಯ ಮಂದಿ ಬರಲಿಲ್ಲ. ಇದನ್ನು ಭಾಗವಹಿಸುವಿಕೆ ಎನ್ನಲಾಗದು. ಇದು ವಂತಿಗೆ. ಹೆಸರು ಮಾತ್ರ ಸಂತೆ.

ಹಿಡಿ ಜೋಳದಿಂದ ಚೀಟಿಯವರೆಗೆ

ಶಾಲೆಗೆ ಕೊಡುವುದು ಈ ಸೀಮೆಯ ಜನಕ್ಕೆ ಹೊಸದಲ್ಲ. 1910ರಲ್ಲಿ ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದಾಗ ಜಿಲ್ಲೆಯಲ್ಲಿ ಸಾಹುಕಾರರಿಗಿಂತ ಬರಗಾಲಗಳೇ ಹೆಚ್ಚು. ಮುಂದೆ ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಊರೂರು ಸುತ್ತಿ ಅದಕ್ಕೆ ದೇಣಿಗೆ ಕೂಡಿಸಿದರು. ಉತ್ತರ ಕರ್ನಾಟಕದ ಹಲವು ಉಚಿತ ಪ್ರಸಾದ ನಿಲಯಗಳು ಮನೆ ಮನೆಯ ಹಿಡಿ ಜೋಳದಿಂದ ನಡೆದವು. ಬೀಸುವ ಮುಂಚೆ ಒಂದು ಮುಷ್ಟಿ ಕಾಳು ಬೇರೆ ಗಡಿಗೆಗೆ ಹಾಕುವುದು, ವಾರಕ್ಕೋ ತಿಂಗಳಿಗೋ ಗಡಿಗೆ ಬರಿದು ಮಾಡಿ ಕೊಡುವುದು. ಇದನ್ನು ಮಾಡಿದವರು ಹೆಣ್ಣುಮಕ್ಕಳು. ಅವರಲ್ಲಿ ಬಹಳ ಜನ ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಕೊಟ್ಟರು. ಕೊಟ್ಟದ್ದು ಯಾರ ಹೊಟ್ಟೆ ಸೇರಿತು ಎಂಬುದು ಅವರ ಕಣ್ಣಿಗೆ ಕಾಣುತ್ತಿತ್ತು. ಪಕ್ಕದ ಓಣಿಯ ಹುಡುಗ ಅಲ್ಲಿ ಉಂಡು ಓದಿ ಮಾಸ್ತರನಾಗಿ ಬಂದದ್ದು ಇಡೀ ಊರಿಗೆ ಗೊತ್ತಿತ್ತು.

ಹಿಡಿ ಜೋಳದ ಕಾಲ ಹೋಗಿ ಚೀಟಿಯ ಕಾಲ ಬಂತು. ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ 1949ರಿಂದ ಡಿಸೆಂಬರ್ 7ಕ್ಕೆ ನಡೆಯುತ್ತ ಬಂದಿದೆ. ಕ್ಷಯ ನಿವಾರಣೆಯ ಸೀಲುಗಳ ಮಾರಾಟ 1950ರಲ್ಲಿ ಶುರುವಾಯಿತು. ಶಿಕ್ಷಕರ ದಿನದ ಧ್ವಜಗಳೂ ಬಂದವು. ಉದ್ದೇಶ ಎಲ್ಲದರದೂ ಒಳ್ಳೆಯದು. ಆದರೆ ಹಾಳೆಗಟ್ಟಲೆ ಚೀಟಿ ಬರುತ್ತಿದ್ದುದು ಶಾಲೆಗೆ, ಶಾಲೆಯಿಂದ ಹುಡುಗರ ಕೈಗೆ, ಹುಡುಗರ ಕೈಯಿಂದ ಅಪ್ಪನ ಮುಂದೆ. "ಮಾಸ್ತರು ತರಾಕ ಹೇಳ್ಯಾರ" ಎಂಬ ಒಂದೇ ಮಾತು. ಅಪ್ಪ ಬೈದುಕೊಳ್ಳುತ್ತ ಕಿಸೆಗೆ ಕೈ ಹಾಕುತ್ತಿದ್ದ. ಹಣ ಎಲ್ಲಿಗೆ ಹೋಯಿತು, ಏನಾಯಿತು ಎಂಬುದು ಅವನಿಗೆ ಮುಟ್ಟಲೇ ಇಲ್ಲ. ಹಿಡಿ ಜೋಳಕ್ಕೂ ಚೀಟಿಗೂ ಇರುವ ಅಂತರ ಇಷ್ಟೇ: ಜೋಳ ಕೊಟ್ಟವರಿಗೆ ಅದರ ಫಲ ಕಂಡಿತು, ಚೀಟಿ ಕೊಂಡವರಿಗೆ ಕಾಣಲಿಲ್ಲ.

ಮಕ್ಕಳು ಮಾಡಿದ ವಸ್ತು ಮಾರಿ ಶಾಲೆ ನಡೆಸುವ ವಿಚಾರವೂ ದೇಶದಲ್ಲಿ ದೊಡ್ಡ ಚರ್ಚೆಯಾಗಿಯೇ ಬಂದುಹೋದದ್ದು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ಯೋಜನೆ ಮುಂದಿಟ್ಟರು. ಮಕ್ಕಳ ನೂಲು, ನೇಯ್ಗೆ ಮಾರಿ ಬಂದ ಹಣದಿಂದ ಶಾಲೆಯ ಖರ್ಚು ಹೊರಬೇಕೆಂಬುದು ಅದರ ಒಂದು ಅಂಗ. ಶಾಲೆ ಕಾರಖಾನೆಯಾದೀತು ಎಂದು ಆಗಲೇ ಹಲವರು ಹೆದರಿದರು. ಯೋಜನೆಗೆ ರೂಪ ಕೊಟ್ಟ ಜಾಕಿರ್ ಹುಸೇನ್ ಸಮಿತಿ ಕೂಡ ಗಳಿಕೆಯ ಮಾತು ಹೆಚ್ಚಾಗಿ ಕಲಿಕೆಯ ಮಾತು ಹಿಂದೆ ಬೀಳಬಾರದೆಂದು ಎಚ್ಚರಿಸಿತು. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಸಾಲಿಯಲ್ಲಿ ತಕಲಿ ತಿರುಗಿಸಿ ನೂಲು ತೆಗೆದ ಅಜ್ಜಂದಿರು ಆ ಕಾಲದವರು. ತಕಲಿ ಮೂಲೆ ಸೇರಿತು, ಆ ಎಚ್ಚರಿಕೆ ಮಾತ್ರ ಇವತ್ತಿಗೂ ಹಳತಾಗಿಲ್ಲ.

ಮನೆಮಂದಿ ಯಾಕ ಬರೂದಿಲ್ಲ?

ಪಾಲಕರಿಗೆ ಆಸಕ್ತಿ ಇಲ್ಲ, ಅವರಿಗೆ ತಿಳುವಳಿಕೆ ಕಡಿಮೆ ಎನ್ನುವುದು ಸುಲಭದ ಮಾತು. ಸುಲಭದ ಮಾತು ಯಾವಾಗಲೂ ಖರೆ ಆಗಿರುವುದಿಲ್ಲ. ಕಾರಣಗಳನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯದು ಕಾಲ. ಸಂತೆ, ಸ್ನೇಹ ಸಮ್ಮೇಳನ ಇವೆಲ್ಲ ಬಹುತೇಕ ಡಿಸೆಂಬರಿನಿಂದ ಫೆಬ್ರುವರಿಯೊಳಗೆ ಬರುತ್ತವೆ. ಶಾಲೆಗೆ ಅದು ಅನುಕೂಲ. ಆದರೆ ತೊಗರಿ ಕೊಯ್ಲು, ರಾಶಿ ಅದೇ ಹೊತ್ತಿಗೆ. ಹಿಂದೆಯೇ ಬಿಳಿಜೋಳ ಕೀಳುವ ಕೆಲಸ. ದಸರಾ, ದೀಪಾವಳಿ ಮುಗಿಯುತ್ತಲೇ ಕಬ್ಬಿನ ಗ್ಯಾಂಗು ಕಟ್ಟಿಕೊಂಡು ಗುಳೆ ಹೋದವರು ಮರಳುವುದು ಬೇಸಿಗೆಗೆ. ಮನೆಯಲ್ಲಿ ಉಳಿದ ಅಜ್ಜ, ಅಜ್ಜಿ ಮೊಮ್ಮಕ್ಕಳಿಗೆ ಅನ್ನ ನೀರು ನೋಡುವುದೇ ಹೆಚ್ಚು. ಆ ದಿನಗಳಲ್ಲಿ ಸಂತೆ ಇಟ್ಟು ಪಾಲಕರು ಬರಲಿಲ್ಲ ಎಂದು ಗೊಣಗುವುದು, ಅಮಾಸಿ ರಾತ್ರಿ ಚಂದ್ರ ಕಾಣಲಿಲ್ಲ ಎಂದಂತೆ. ಶ್ರಾವಣ, ಭಾದ್ರಪದದಲ್ಲಿ ಮಂದಿ ಊರಲ್ಲಿ ಇರುತ್ತಾರೆ. ಮಳೆ ಕೈಕೊಡದಿದ್ದರೆ ಹೆಸರಿನ ರೊಕ್ಕವೂ ಮನೆಗೆ ಬಂದಿರುತ್ತದೆ. ಸಂತೆಗೆ ಅದು ಕಾಲ.

ಎರಡನೆಯದು ನಾಚಿಕೆ. ಒಬ್ಬ ಹುಡುಗನ ಮುಂದೆ ಬುಟ್ಟಿ ತುಂಬ ದಾಳಿಂಬೆ, ಇನ್ನೊಬ್ಬನ ಮುಂದೆ ನಾಲ್ಕು ಸಿವುಡು ಕೊತ್ತಂಬರಿ. ಹೊಲ ಇದ್ದವರು, ಇಲ್ಲದವರು ಎಂಬ ಭೇದ ತರಗತಿಯಲ್ಲಿ ಅಷ್ಟು ಕಾಣುವುದಿಲ್ಲ. ಎಲ್ಲರದೂ ಒಂದೇ ಸಮವಸ್ತ್ರ. ಸಂತೆಯಲ್ಲಿ ಅದು ತಟ್ಟಿನ ಮೇಲೆ ಹರಡಿ ಕೂಡುತ್ತದೆ. "ಯಾರು ಹೆಚ್ಚು ಮಾರ್ಯಾರ ಅವರಿಗೆ ಬಹುಮಾನ" ಎಂದರಂತೂ ಮುಗಿಯಿತು. ಬಹುಮಾನ ಯಾರ ಮನೆಗೆ ಹೋಗುತ್ತದೆ ಎಂಬುದು ಬುಟ್ಟಿ ಇಳಿಸುವಾಗಲೇ ಗೊತ್ತಾಗಿರುತ್ತದೆ.

ಮೂರನೆಯದು ಯಾರೂ ಬಾಯಿ ಬಿಟ್ಟು ಆಡದ ಮಾತು. ಕಾಯಿಪಲ್ಲೆಗೆ ಜಾತಿ ಇಲ್ಲ. ಬೇಯಿಸಿದ್ದಕ್ಕೆ ಇದೆ. "ರೊಟ್ಟಿ ಯಾರ ಮನಿದು?" ಎಂಬ ಪ್ರಶ್ನೆ ಹಿರಿಯರ ಬಾಯಿಂದ ಬಂದರೆ ಒಬ್ಬ ಹುಡುಗಿಯ ಬುಟ್ಟಿ ಸಂಜೆಯವರೆಗೂ ಹಾಗೇ ಉಳಿಯುತ್ತದೆ. ಮುಂದಿನ ವರ್ಷ ಅವಳ ಅವ್ವ ರೊಟ್ಟಿ ಬಡಿಯುವುದಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿ, ದಾಸೋಹದ ಮಾತು ಎದ್ದ ಸೀಮೆ ಇದು. 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಶುರುವಾದಾಗ ಅದಕ್ಕೆ ಇಟ್ಟ ಹೆಸರೂ 'ಅಕ್ಷರ ದಾಸೋಹ'. ಬಿಸಿಯೂಟದ ಸಾಲಿನಲ್ಲಿ ಎಲ್ಲ ಮಕ್ಕಳು ಮಗ್ಗುಲ ಮಗ್ಗುಲಿಗೆ ಕೂತು ಉಣ್ಣುವುದನ್ನು ಕಲಿತದ್ದಾಗಿದೆ. ಕಲಿಯಬೇಕಾದವರು ಸಂತೆಗೆ ಬರುವ ದೊಡ್ಡವರು. ಹೆಡ್‌ಮಾಸ್ತರರು, ಅಕ್ಕೋರು ಮೊದಲು ಆ ಬುಟ್ಟಿಯ ಮುಂದೆ ಕೂತು ರೊಟ್ಟಿ ಮುರಿದು ತಿಂದರೆ, ಉಳಿದವರ ನಾಲಿಗೆ ತಾನಾಗಿ ಸುಮ್ಮನಾಗುತ್ತದೆ. ಇದಕ್ಕೆ ಸುತ್ತೋಲೆ ಬೇಕಾಗಿಲ್ಲ.

ನಾಲ್ಕನೆಯದು ಲೆಕ್ಕ. ಇದೇ ದೊಡ್ಡದು.

ನೂರು ರೂಪಾಯಿಯ ಪಾಠ

2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಹೊರಟಿತು. ಸರಕಾರಿ ಶಾಲೆಯ ಪಾಲಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆಯನ್ನು ಎಸ್.ಡಿ.ಎಂ.ಸಿ.ಗಳು ಪಡೆಯಬಹುದು, ಬಲವಂತ ಇಲ್ಲ ಎಂಬುದು ಅದರ ಸಾರ. ರಾಜ್ಯದ ಉದ್ದಗಲಕ್ಕೂ ಗದ್ದಲ ಎದ್ದಿತು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು.

ಗದ್ದಲಕ್ಕೆ ಕಾರಣ ಇತ್ತು. ಶಿಕ್ಷಣ ಹಕ್ಕಿನ ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಕ್ಕಳಿಗೆ ಸರಕಾರಿ ಶಾಲೆಯಲ್ಲಿ ಪುಕ್ಕಟೆ ಶಿಕ್ಷಣ ಎಂದು ಅದು ಹೇಳುತ್ತದೆ. ಬಲವಂತ ಇಲ್ಲದ ನೂರು ರೂಪಾಯಿ ಹಳ್ಳಿಯಲ್ಲಿ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೊಟ್ಟವರ ಪಟ್ಟಿ ಆಗುತ್ತದೆ. ಪಟ್ಟಿ ಆದರೆ ಕೊಡದವರ ಪಟ್ಟಿ ತಾನೇ ಆಗುತ್ತದೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಚೊಕ್ಕ ಕಾಣುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ನಿಯಮದಂತೆ 100ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ಸಿಗುವ ಶಾಲಾ ಅನುದಾನದ ಮಿತಿ 50 ಸಾವಿರ ರೂಪಾಯಿ. ಶಾಲೆಯಲ್ಲಿ 120 ಮಕ್ಕಳಿದ್ದರೆ ತಲೆಗೆ ವರ್ಷಕ್ಕೆ 417 ರೂಪಾಯಿ, ತಿಂಗಳಿಗೆ 35 ರೂಪಾಯಿ. ಸಂಬಳ, ಬಿಸಿಯೂಟ, ಪುಸ್ತಕ, ಸಮವಸ್ತ್ರದ ಖರ್ಚು ಬೇರೆ, ಆ ಮಾತು ಖರೆ. ಆದರೆ ಸುಣ್ಣ ಬಣ್ಣ, ಸಣ್ಣ ರಿಪೇರಿ, ಕಲಿಕೆಯ ಸಾಮಾನು, ಸ್ವಚ್ಛತೆ ಎಲ್ಲ ಈ ಅನುದಾನದಲ್ಲೇ ತೂಗಬೇಕು. ಸರಕಾರ ತಿಂಗಳಿಗೆ 35 ರೂಪಾಯಿ ಕೊಟ್ಟು ಕೂಲಿಕಾರನಿಂದ 100 ರೂಪಾಯಿ ಕೇಳಿದರೆ ಆತ ಸಿಟ್ಟಾಗದೆ ಏನು ಮಾಡಿಯಾನು?

ಹಾಗಿದ್ದೂ ಅದೇ ಕೂಲಿಕಾರ ಶಾಲೆಯ ಗೋಡೆ ಕಟ್ಟಲು ಒಂದು ದಿನದ ದುಡಿಮೆ ಬಿಟ್ಟು ಬರುತ್ತಾನೆ. ಆಗಸ್ಟ್ 15ಕ್ಕೆ ಮಕ್ಕಳಿಗೆ ಸಿಹಿ ಹಂಚುತ್ತಾನೆ. ಜಾತ್ರೆಯ ಪಟ್ಟಿಗೆ ಸಾಲ ಮಾಡಿಯಾದರೂ ಕೊಡುತ್ತಾನೆ. ಅವನಿಗೆ ಕೊಡುವ ಮನಸ್ಸಿಲ್ಲ ಎನ್ನಲಾಗದು. ತಿಂಗಳಿನ ಬಾಕಿಯಂತೆ ಕೇಳಿದ್ದು ಅವನಿಗೆ ಸೇರಲಿಲ್ಲ.

ಅಮೇರಿಕೆಯ ಬಿಸ್ಕೀಟು

ಮಕ್ಕಳ ಕೈಯಿಂದ ಸಾಮಾನು ಮಾರಿಸಿ ಶಾಲೆಗೆ, ಸಂಘಕ್ಕೆ ಹಣ ಕೂಡಿಸುವ ರೂಢಿ ಅಮೇರಿಕದಲ್ಲಿ ಬಲು ದೊಡ್ಡದು. ಅದರ ಹೆಸರಾಂತ ಉದಾಹರಣೆ ಗರ್ಲ್ ಸ್ಕೌಟುಗಳ ಬಿಸ್ಕೀಟು ಮಾರಾಟ. 1917ರಲ್ಲಿ ಓಕ್ಲಹೋಮ ರಾಜ್ಯದ ಮಸ್ಕೋಗಿ ಎಂಬ ಊರಿನ ಹುಡುಗಿಯರು ಮನೆಯಲ್ಲಿ ಸುಟ್ಟ ಬಿಸ್ಕೀಟನ್ನು ಅಲ್ಲಿಯ ಹೈಸ್ಕೂಲಿನಲ್ಲಿ ಮಾರಿದರು. ಅವ್ವಂದಿರು ಜೊತೆಗೆ ನಿಂತರು. ಸಾಲಿ ಸಂತಿಯ ಹಾಗೆಯೇ ಅದು ಮನೆಯ ಒಲೆಯ ಮಾಲು.

1930ರ ದಶಕದಲ್ಲಿ ಕಾರಖಾನೆಯ ಬೇಕರಿಗಳು ಒಳಗೆ ಬಂದವು. ಮಾರಾಟ ಹೆಚ್ಚಿತು, ಹಣವೂ ಹೆಚ್ಚಿತು. ಮುಂದೆ ಶಾಲೆಗಳಿಗೇ ಚಾಕಲೇಟು, ಮೇಣಬತ್ತಿ, ಸುತ್ತುವ ಕಾಗದ ಒದಗಿಸುವ ಕಂಪನಿಗಳು ಹುಟ್ಟಿದವು. ಮಾರಿದ ಹಣದಲ್ಲಿ ಸುಮಾರು ಅರ್ಧ ಶಾಲೆಗೆ, ಉಳಿದದ್ದು ಕಂಪನಿಗೆ. ಹೆಚ್ಚು ಮಾರಿದ ಹುಡುಗನಿಗೆ ಆಟಿಗೆ. ಕೊನೆಗೆ ಆದದ್ದೇನು? ಹುಡುಗರ ಪಟ್ಟಿಯನ್ನು ಅಪ್ಪಂದಿರು ತಮ್ಮ ಆಫೀಸಿಗೆ ಒಯ್ದು ಸಂಗಾತಿಗಳ ಮುಂದೆ ಚಾಚುವ ಪರಿಸ್ಥಿತಿ. ಬೇಸತ್ತ ಕೆಲವು ಪಾಲಕರು "ಮಾರುವುದೇ ಬೇಡ, ಒಂದು ಚೆಕ್ಕು ಬರೆದುಕೊಡುತ್ತೇವೆ, ಬಿಟ್ಟುಬಿಡಿ" ಎನ್ನುವ ಮಟ್ಟಕ್ಕೆ ಬಂದರು.

ಇಂಡಿ, ಸಿಂದಗಿಯವರಿಗೆ ಇದರಿಂದ ಏನು? ಇಷ್ಟೇ: ಮಾಲು ಮನೆಯದಾಗಿದ್ದಾಗ ಮನೆಮಂದಿ ಜೊತೆಗಿದ್ದರು. ಮಾಲು ಕಂಪನಿಯದಾದಾಗ ಮನೆಮಂದಿ ಗಿರಾಕಿಗಳಾದರು, ಮಕ್ಕಳು ಏಜೆಂಟರಾದರು. ಆ ಗಾಳಿ ಈ ಕಡೆಯೂ ಬೀಸದೆ ಇಲ್ಲ. ಲಕ್ಕಿ ಡ್ರಾ ಟಿಕೇಟು, ಡೈರಿ, ಕ್ಯಾಲೆಂಡರು ಎಂದು ಮಕ್ಕಳ ಚೀಲಕ್ಕೆ ತುರುಕುವ ಖಾಸಗಿ ಶಾಲೆಗಳು ಪಟ್ಟಣದಲ್ಲಿ ಇವೆ. ಅಲ್ಲಿ ಪಾಲಕರು ಕೊಳ್ಳುತ್ತಾರೆ, ಕೊಂಡು ಬೈಯುತ್ತಾರೆ.

ಎರಡು ಬುಟ್ಟಿಯ ದಾರಿ

ಹಾಗಾದರೆ ದಾರಿ ಯಾವುದು? ದೊಡ್ಡ ಯೋಜನೆ ಏನೂ ಬೇಡ. ಎರಡು ಬುಟ್ಟಿ ಬೇರೆ ಮಾಡಿದರೆ ಸಾಕು.

ಒಂದು, ಮಕ್ಕಳ ಬುಟ್ಟಿ. ಹುಡುಗ ಮನೆಯಿಂದ ತಂದದ್ದನ್ನು ಮಾರುತ್ತಾನೆ. ತೂಕ ಮಾಡುತ್ತಾನೆ, ಚಿಲ್ಲರೆ ಎಣಿಸುತ್ತಾನೆ, ಲಾಭ ನಷ್ಟ ಬರೆಯುತ್ತಾನೆ. ಈ ಹಣ ಪೂರ್ತಿ ಅವನ ಮನೆಯದು. ಇದರಲ್ಲಿ ಶಾಲೆ ಒಂದು ಪೈಸೆ ಮುಟ್ಟಬಾರದು. ಇದು ಪಾಠ, ಗಳಿಕೆಯ ದಾರಿ ಇದಲ್ಲ. ದೇಶದಲ್ಲಿ ದಶಮಾನ ನಾಣ್ಯ ಬಂದದ್ದು 1957ರಲ್ಲಿ, ಕಿಲೋ ತೂಕ ಶುರುವಾದದ್ದು 1958ರಲ್ಲಿ. ಆದರೂ ಅಜ್ಜಿಯ ಬಾಯಲ್ಲಿ ಇನ್ನೂ ಸೇರು, ಪಾವಶೇರು ಇವೆ. ಅಜ್ಜಿಯನ್ನೇ ತಟ್ಟಿನ ಮಗ್ಗುಲಲ್ಲಿ ಕೂಡಿಸಿದರೆ ಮೊಮ್ಮಗ ಎರಡೂ ಲೆಕ್ಕ ಕಲಿಯುತ್ತಾನೆ. ಲಿಂಬೆ ಚೀಲದ ಲೆಕ್ಕದಲ್ಲಿ ಹೋದರೆ ಏನು ದರ, ಬಿಡಿ ಮಾರಿದರೆ ಏನು ದರ, ನಡುವಿನ ರೊಕ್ಕ ಯಾರ ಕಿಸೆಗೆ ಎಂಬುದನ್ನು ಅಪ್ಪನಿಗಿಂತ ಚೆನ್ನಾಗಿ ಹೇಳುವ ಮಾಸ್ತರ ಇಲ್ಲ.

ಎರಡು, ಸಾಲಿ ಬುಟ್ಟಿ. ಅಂಗಳದ ಬಾಗಿಲಲ್ಲಿ ಒಂದೇ ಒಂದು ದೊಡ್ಡ ಅಂಗಡಿ. ಮನಸ್ಸಿದ್ದವರು ಮನಸ್ಸಿದ್ದಷ್ಟು ಅದಕ್ಕೆ ಹಾಕಬೇಕು. ಎರಡು ಲಿಂಬೆಯಾದರೂ ಸರಿ, ಒಂದು ಗಡಿಗೆ ಮೊಸರಾದರೂ ಸರಿ. ಯಾರದು ಎಷ್ಟು ಎಂದು ಬರೆಯಬಾರದು. ಮೈಕಿನಲ್ಲಿ ಹೆಸರು ಕೂಗಬಾರದು. ಮಾಲು ಕೊಡಲಾರದವರು ಎರಡು ತಾಸು ಕೂತು ಮಾರಲಿ, ಪೆಂಡಾಲು ಕಟ್ಟಲಿ, ನೀರು ತರಲಿ. ಕೈಗೆಲಸವೂ ಕಾಣಿಕೆಯೇ. ಮಾರುವವರು ಮಕ್ಕಳಲ್ಲ, ದೊಡ್ಡವರು. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ವಾರದ ವಂತಿಗೆ, ಸಾಲ, ಬಡ್ಡಿ ಎಲ್ಲ ಬೆರಳ ತುದಿಯಲ್ಲಿ ಇರುತ್ತದೆ. ರೊಕ್ಕದ ಡಬ್ಬಿ ಅವರ ಕೈಗೆ ಕೊಟ್ಟರೆ ಶಾಲೆಗೂ ನಿಶ್ಚಿಂತೆ. ಈ ಅಂಗಡಿಯ ಹಣ ಮಾತ್ರ ಶಾಲೆಯದು.

ಮೂರು ಕಟ್ಟುಪಾಡು ಇರಬೇಕು. ಮಕ್ಕಳನ್ನು ಮನೆ ಮನೆಗೆ ಮಾರಲು ಕಳಿಸಬಾರದು. ಇಷ್ಟು ತರಲೇಬೇಕು ಎಂಬ ಮಾತು ಬರಬಾರದು. ಹೆಚ್ಚು ತಂದವರಿಗೆ ಬಹುಮಾನ ಇರಬಾರದು. ಬಹುಮಾನ ಕೊಡಲೇಬೇಕೆಂದಿದ್ದರೆ ಲೆಕ್ಕ ಚೊಕ್ಕ ಬರೆದ ಹುಡುಗಿಗೆ ಕೊಡಲಿ.

ಸೋರುವ ಮಾಳಿಗೆಗೆ ಸಂತೆ ಅಲ್ಲ

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು. ಊರವರು ಲಿಂಬೆ ಮಾರಿ ಶಾಲೆಗೆ ಕೊಡುತ್ತ ಹೋದರೆ ಸರಕಾರ ಕೈ ತೊಳೆದುಕೊಳ್ಳುವುದಿಲ್ಲವೆ? ಇವತ್ತು ಚೆಂಡು, ನಾಳೆ ಬೆಂಚು, ನಾಡದು ಮಾಳಿಗೆ. ಕಡೆಗೆ ಮಾಸ್ತರರ ಸಂಬಳವೂ ಸಂತೆಯಲ್ಲೇ ಹುಟ್ಟಬೇಕೇನು?

ಆಕ್ಷೇಪ ಸರಿ ಇದೆ. ಅದಕ್ಕೇ ಗಡಿ ಹಾಕಬೇಕು. ಕೋಣೆ, ಕುಡಿಯುವ ನೀರು, ಹೆಣ್ಣುಮಕ್ಕಳ ಪಾಯಖಾನೆ, ಮಾಸ್ತರರ ನೇಮಕ, ಇವು ಸರಕಾರದ ಕೆಲಸ. ಕಾಯ್ದೆಯೇ ಹೇಳಿದೆ. ಇದಕ್ಕೆ ಸಂತೆಯ ಒಂದು ರೂಪಾಯಿಯೂ ಹೋಗಬಾರದು. ಸಂತೆಯ ಹಣ ಮಕ್ಕಳ ಸಣ್ಣಪುಟ್ಟ ಬೇಕುಗಳಿಗೆ: ಮಕ್ಕಳ ಮಾಸಪತ್ರಿಕೆಯ ಚಂದಾ, ಹಗ್ಗ, ಚೆಂಡು, ನಾಟಕದ ಪರದೆ, ಪ್ರವಾಸಕ್ಕೆ ರೊಕ್ಕ ಇಲ್ಲದೆ ಹಿಂದೆ ಉಳಿಯುವ ನಾಲ್ಕು ಮಕ್ಕಳ ಬಸ್ ಚಾರ್ಜು. ಯಾವುದಕ್ಕೆ ಎಂಬುದನ್ನು ಸಂತೆಗೆ ಒಂದು ವಾರ ಮುಂಚೆಯೇ ಪಾಲಕರ ಸಭೆಯಲ್ಲಿ ಒಪ್ಪಿಗೆ ಮಾಡಿ, ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಮೊತ್ತ ಎಷ್ಟಾದೀತು? ಊಹೆಯ ಲೆಕ್ಕ ಹಾಕಿ ನೋಡಬಹುದು. 80 ಮನೆಗಳು ತಲಾ 50 ರೂಪಾಯಿಯ ಮಾಲು ಹಾಕಿದರೆ 4 ಸಾವಿರ. ಹೆಚ್ಚೇನಲ್ಲ. ಒಬ್ಬ ಗುತ್ತಿಗೆದಾರನ ಕಿಸೆಯಿಂದ ಒಂದೇ ಫೋನಿಗೆ ಇದರ ಹತ್ತು ಪಟ್ಟು ಬಂದೀತು. ಆದರೆ ಗುತ್ತಿಗೆದಾರ ಕೊಟ್ಟರೆ ಗೋಡೆಯ ಮೇಲೆ ಒಂದು ಹೆಸರು ಬರುತ್ತದೆ. 80 ಮನೆ ಕೊಟ್ಟರೆ ಲೆಕ್ಕ ಕೇಳುವವರು 80 ಜನ ಹುಟ್ಟುತ್ತಾರೆ. ಸಂತೆಯ ಖರೆ ಲಾಭ ಈ 80 ಜನ.

ಯಾಕೆಂದರೆ 4 ಸಾವಿರದ ಲೆಕ್ಕ ಕೇಳಿ ರೂಢಿಯಾದವಳು ಮುಂದೆ 50 ಸಾವಿರದ ಅನುದಾನದ ಲೆಕ್ಕವನ್ನೂ ಕೇಳುತ್ತಾಳೆ. ಅದನ್ನು ಕೇಳಿದವಳು ಮಂಜೂರಾದ ಕೋಣೆ ಯಾಕೆ ಕಟ್ಟಲಿಲ್ಲ ಎಂದು ಬಿ.ಇ.ಓ. ಆಫೀಸಿನ ಮೆಟ್ಟಿಲು ಹತ್ತುತ್ತಾಳೆ. ಸಂತೆಯಿಂದ ಸರಕಾರದ ಹೊಣೆ ಕಡಿಮೆ ಆಗಬಾರದು. ಸರಕಾರವನ್ನು ಕೇಳುವ ಬಾಯಿ ಹೆಚ್ಚಾಗಬೇಕು.

ಬೋರ್ಡಿನ ಮೇಲಿನ ಲೆಕ್ಕ

ರಾಜ್ಯದಲ್ಲಿ ಎಸ್.ಡಿ.ಎಂ.ಸಿ.ಗಳು ಬಂದದ್ದು 2001ರಲ್ಲಿ. ಶಿಕ್ಷಣ ಹಕ್ಕಿನ ಕಾಯ್ದೆ ಇನ್ನೂ ಮುಂದೆ ಹೋಗಿ, ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದಿತು. ಕಾಗದದ ಮೇಲೆ ಇಷ್ಟು ಅಧಿಕಾರ ಹಳ್ಳಿಯ ಹೆಣ್ಣುಮಗಳಿಗೆ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಸಭೆ ಎಂದರೆ ಎಷ್ಟೋ ಊರಲ್ಲಿ ಹುಡುಗನ ಕೈಯಲ್ಲಿ ಮನೆಗೆ ಬರುವ ರಜಿಸ್ಟರು. "ಇಲ್ಲಿ ಸಹಿ ಮಾಡಬೇಕಂತವಾ." ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಾಳೆ. ಏನು ಬರೆದಿದೆ ಎಂದು ಕೇಳುವುದಿಲ್ಲ. ಕೇಳುವ ರೂಢಿಯನ್ನು ಅವಳಿಗೆ ಯಾರೂ ಮಾಡಿಸಿಲ್ಲ.

ಆ ರೂಢಿ ಮಾಡಿಸಲು ಸಾಲಿ ಸಂತಿಗಿಂತ ಸಲೀಸಾದ ಜಾಗ ಇಲ್ಲ. ಲೆಕ್ಕ ದೊಡ್ಡದಲ್ಲ. ಭಾಷೆ ಅಪರಿಚಿತ ಅಲ್ಲ. ಮಾಲು ತನ್ನ ಕೈಯದೇ. ಆದ್ದರಿಂದ ತಟ್ಟು ಮಡಚುವ ಮುಂಚೆ, ಎಲ್ಲರೂ ಇರುವಾಗಲೇ, ಸಾಲಿ ಬುಟ್ಟಿಯ ಡಬ್ಬಿ ಅಂಗಳದಲ್ಲಿ ತೆರೆಯಬೇಕು. ಏಳನೇ ತರಗತಿಯ ಇಬ್ಬರು ಎಣಿಸಬೇಕು. ಮೂರನೆಯವಳು ಕರಿಹಲಗೆಯ ಮೇಲೆ ಬರೆಯಬೇಕು: ಬಂದದ್ದು ಇಷ್ಟು, ಪೆಂಡಾಲಿಗೆ ಹೋದದ್ದು ಇಷ್ಟು, ಉಳಿದದ್ದು ಇಷ್ಟು. ಮರುದಿನ ಆ ಹಣ ಎಸ್.ಡಿ.ಎಂ.ಸಿ. ಖಾತೆಗೆ ಜಮಾ ಆಗಬೇಕು. ಚೆಂಡು, ಪತ್ರಿಕೆ ಬಂದ ದಿನ ಪಾವತಿಯನ್ನು ಅದೇ ಗೋಡೆಗೆ ಅಂಟಿಸಬೇಕು. ಗುಳೆ ಹೋದವರಿಗೆ? ಈಗ ಎಲ್ಲರ ಕಿಸೆಯಲ್ಲಿ ಮೊಬೈಲು ಇದೆ. ಕರಿಹಲಗೆಯ ಒಂದು ಫೋಟೋ ಕಬ್ಬಿನ ಗದ್ದೆಯಲ್ಲಿರುವ ಅಪ್ಪನಿಗೆ ಮುಟ್ಟಲು ಕ್ಷಣ ಸಾಕು. ಮಗಳ ಅಕ್ಷರದಲ್ಲಿ ಊರಿನ ಲೆಕ್ಕ ಓದಿದವನು ಮುಂದಿನ ವರ್ಷ ಸಂತೆ ಯಾವಾಗ ಎಂದು ತಾನೇ ಫೋನು ಮಾಡಿ ಕೇಳುತ್ತಾನೆ.

ಪಾಲಕರನ್ನು ಹುರಿದುಂಬಿಸುವುದು ಹೇಗೆ ಎಂದು ಇಲಾಖೆಯ ತರಬೇತಿಗಳಲ್ಲಿ ಮಾತು ನಡೆಯುತ್ತದೆ. ಬ್ಯಾನರು, ಘೋಷಣೆ, ಪ್ರತಿಜ್ಞೆ ಎಲ್ಲ ಆಗುತ್ತವೆ. ಮನೆಮಂದಿ ಕೇಳುವುದು ಮಾತ್ರ ಎರಡೇ ಪ್ರಶ್ನೆ. ನಮ್ಮ ಬುಟ್ಟಿಗೆ ಮರ್ಯಾದೆ ಸಿಗುತ್ತದೆಯೇ? ನಮ್ಮ ರೊಕ್ಕಕ್ಕೆ ಲೆಕ್ಕ ಸಿಗುತ್ತದೆಯೇ? ಎರಡಕ್ಕೂ ಹೌದು ಎಂದರೆ ಡಂಗುರ ಸಾರುವ ಕಾರಣವಿಲ್ಲ.

ಲಿಂಬೆ ಮಾರಿದ ಹುಡುಗಿ ಸಂಜೆ ಮನೆಗೆ ಹೋಗಿ ಮುಷ್ಟಿ ಬಿಚ್ಚುತ್ತಾಳೆ. ಅವ್ವ ಎಣಿಸುತ್ತಾಳೆ. "ಇಷ್ಟ ಯಾಕ? ಉಳಿದದ್ದು?" ಹುಡುಗಿಗೆ ಉತ್ತರ ಗೊತ್ತಿದ್ದರೆ ಅವಳು ಗಣಿತ ಕಲಿತಿದ್ದಾಳೆ. ಅವ್ವ ಅದೇ ಪ್ರಶ್ನೆಯನ್ನು ಮರುದಿನ ಸಾಲಿಗೆ ಬಂದು ಹೆಡ್‌ಮಾಸ್ತರರ ಮುಂದೆ ನಿಂತು ಕೇಳಿದರೆ, ಆ ಊರಿನ ಸಾಲಿ ಸಂತಿ ಕೈಗೂಡಿದಂತೆ.